ಮೂರೂವರೆ ಕೆಜಿ ಕಮ್ಮಿ ಬಿದ್ದ ಕಥೆ

ನಾನು ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಪ್ರತಿ ಆಗಸ್ಟ್‌ನಲ್ಲಿ ನಮ್ಮಲ್ಲಿ ರಕ್ತದಾನ ಶಿಬಿರ ಇರುತ್ತದೆ. ಎರಡು ವರ್ಷದ ಹಿಂದೆ ಅದರ ಹೊಣೆ ನನ್ನ ತಲೆಗೆ ಬಂತು. ತರಗತಿ ತರಗತಿಗೂ ಹೋಗಿ ಭಾಷಣ ಬಿಗಿದೆ. ಹೆದರಬೇಡಿ, ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ, ಮೊದಲು ನಾನೇ ಕೊಡ್ತೀನಿ ಅಂದೆ. ಅವತ್ತು ಬೆಳಿಗ್ಗೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಂತೆ.

"ಚಪ್ಪಲಿ ಬಿಟ್ಟು ಹತ್ತಿ ಮೇಡಂ," ಅಂದರು ನರ್ಸ್.

ಹತ್ತಿದೆ. ಮುಳ್ಳು ಆ ಕಡೆ ಈ ಕಡೆ ಆಡಿ 41 ಮತ್ತು 42ರ ಮಧ್ಯೆ ನಿಂತಿತು.

"ಆಗಲ್ಲ ಮೇಡಂ. ಕಮ್ಮಿ ಅಂದ್ರೂ 45 ಇರಬೇಕು."

"ಬ್ಯಾಗ್ ಹಾಕ್ಕೊಂಡು ಹತ್ಲಾ?"

ಅವರು ನಕ್ಕು ನನ್ನ ಹಿಂದಿದ್ದವನನ್ನು ಕರೆದರು. ಬಿಕಾಂ ಎರಡನೇ ವರ್ಷದ ಹುಡುಗ ಅವನು. ಹತ್ತುತ್ತಾ ಹತ್ತುತ್ತಾ ಪಕ್ಕದವನಿಗೆ ಪಿಸುಗುಟ್ಟಿದ. "ನನ್ನ ಬಾಟ್ಲು ಮಿಸ್‌ಗೇ ಹಾಕ್ಬಿಡಿ ಅಂತ ಹೇಳೋಣ ಕಣೋ." ಅವನ ಪಿಸುಮಾತು ಇಡೀ ಹಾಲ್‌ಗೆ ಕೇಳಿಸುವಂಥದ್ದು.

ಅಲ್ಲಿಗೆ ನನ್ನ ವಯಸ್ಸು 29. ಎತ್ತರ 160 ಸೆಂಟಿಮೀಟರ್, ಅಂದರೆ ಐದಡಿ ಮೂರಿಂಚು. ತೂಕ 41.5 ಕೆಜಿ. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ 16.2. ಅದು 18.5ಕ್ಕಿಂತ ಕೆಳಗಿದ್ದರೆ ತೂಕ ಕಮ್ಮಿ ಎಂದು ಲೆಕ್ಕ. ನನಗದು ಗೊತ್ತಿಲ್ಲದ ವಿಷಯವೇನೂ ಅಲ್ಲ. ಚಿಕ್ಕಂದಿನಿಂದ ಕಡ್ಡಿ, ನರಪೇತಲ, ಸೊಳ್ಳೆ, ಎಲ್ಲಾ ಬಿರುದೂ ಆಗಿಹೋಗಿದ್ದವು. ಹುಡುಗಿ ನೋಡಲು ಬಂದ ಒಬ್ಬರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಎದ್ದು ಹೋಗುವಾಗ "ಎಲ್ಲಾ ಸರಿ, ಸ್ವಲ್ಪ ಪೀಚು" ಎಂದು ಹೇಳಿಹೋಗಿದ್ದರು. ಮಾವಿನಕಾಯಿಗೆ ಹೇಳುವ ಮಾತು. ಬೇಜಾರಾಗಿತ್ತು, ಮರೆತಿದ್ದೆ. ಆದರೆ ಕೊಡಬೇಕು ಅಂತ ಹೋದಾಗ ನಿನ್ನ ಹತ್ತಿರ ಕೊಡುವಷ್ಟು ಇಲ್ಲ ಅನ್ನಿಸಿಕೊಂಡಿದ್ದು ಬೇರೆ ಥರ ಚುಚ್ಚಿತು.

ಅಮ್ಮನಿಗೆ ಫೋನ್ ಮಾಡಿದೆ. ನಮ್ಮೂರು ತಿಪಟೂರಿನ ಹತ್ತಿರ.

"ನಮ್ಮ ವಂಶವೇ ಹಂಗೆ ಕಣೇ. ನಿಮ್ಮಜ್ಜಿ ಎಷ್ಟು ಉಂಡ್ರೂ ಮೈ ಹತ್ತಿತ್ತಾ? ನೀನೂ ಅಷ್ಟೇ."

ಎಷ್ಟು ಉಂಡರೂ ಮೈ ಹತ್ತಲ್ಲ. ಈ ಮಾತನ್ನು ನಾನೂ ಊರ ತುಂಬ ಹೇಳಿಕೊಂಡು ತಿರುಗಿದವಳೇ. ಅದು ಶುದ್ಧ ಸುಳ್ಳು ಅಂತ ಗೊತ್ತಾಗಲು ಒಂದು ಹತ್ತು ರೂಪಾಯಿಯ ನೋಟ್‌ಬುಕ್ ಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಾನು ಮಾಡಿದ ಪೆದ್ದುತನ ಹೇಳಿಬಿಡುತ್ತೇನೆ. ಇದು ಶಿಬಿರಕ್ಕಿಂತ ಮೂರು ವರ್ಷ ಹಿಂದಿನದು. ಪರಿಚಯದವರೊಬ್ಬರು ಒಂದು ಮೆಡಿಕಲ್ ಸ್ಟೋರಿನ ಬಗ್ಗೆ ಹೇಳಿದರು. ದಪ್ಪ ಆಗಲಿಕ್ಕೆ ಮಾತ್ರೆ ಕೊಡ್ತಾರೆ, ಚೀಟಿಗೀಟಿ ಏನೂ ಬೇಡ ಅಂದರು. ಹೋದೆ. ಅಂಗಡಿಯವರು ಹೆಸರಿಲ್ಲದ ಸಣ್ಣ ಕಾಗದದ ಪೊಟ್ಟಣದಲ್ಲಿ ಎರಡು ಬಣ್ಣದ ಮಾತ್ರೆ ಕಟ್ಟಿಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. ನಾಲ್ಕೇ ದಿನಕ್ಕೆ ಹೊಟ್ಟೆಯಲ್ಲಿ ರಾಕ್ಷಸ ಹೊಕ್ಕ ಹಾಗೆ ಹಸಿವು. ಮಧ್ಯಾಹ್ನದ ಹೊತ್ತು ಬೋರ್ಡ್ ಮೇಲೆ ಬ್ಯಾಲೆನ್ಸ್ ಶೀಟ್ ಬರೆಯುತ್ತಲೇ ಕಣ್ಣು ಎಳೆಯುತ್ತಿತ್ತು. ಮೂರು ವಾರಕ್ಕೆ ಎರಡೂವರೆ ಕೆಜಿ ಏರಿತು. ಮುಖ ಗುಂಡಗಾಯಿತು. ಎಲ್ಲರೂ ಕಳೆ ಬಂತು ಅಂದರು. ಕೈಕಾಲು ಮಾತ್ರ ಮೊದಲಿನ ಹಾಗೇ ಕಡ್ಡಿ.

ನನ್ನ ರೂಮ್‌ಮೇಟ್‌ಗೆ ಅನುಮಾನ ಬಂತು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಎಲ್ಲಕ್ಕೂ ಅನುಮಾನ ಪಡುವುದೇ ಅವಳ ಕೆಲಸ. ಎಳೆದುಕೊಂಡು ಡಾಕ್ಟರ್ ಹತ್ತಿರ ಹೋದಳು. ಅವರು ಲಕ್ಷಣ ಕೇಳಿಯೇ ಬೈದರು. ಇಂಥ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡು, ಜೊತೆಗೆ ಸೈಪ್ರೊಹೆಪ್ಟಡಿನ್ ಅನ್ನುವ ಅಲರ್ಜಿ ಮಾತ್ರೆ. ಎರಡನೆಯದು ನಿದ್ದೆಯನ್ನೂ ಹಸಿವನ್ನೂ ತರುತ್ತದೆ. ಮೊದಲನೆಯದು ಮುಖಕ್ಕೆ ಬಾವು ತರುತ್ತದೆ, ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ. ತಿಂಗಳುಗಟ್ಟಲೆ ತಿಂದು ದಿಢೀರ್ ಅಂತ ಬಿಟ್ಟರೆ ಪ್ರಾಣಕ್ಕೇ ಕುತ್ತು. ನನ್ನದು ಮೂರೇ ವಾರ ಆಗಿತ್ತು, ಬಚಾವಾದೆ. ಬಂದ ಎರಡೂವರೆ ಕೆಜಿ ಒಂದು ತಿಂಗಳೊಳಗೆ ಬಂದ ದಾರಿಯಲ್ಲೇ ಹೋಯಿತು.

ಹಾಗಾಗಿ ಈ ಸಲ ಮೊದಲೇ ಡಾಕ್ಟರ್ ಹತ್ತಿರ ಹೋದೆ. ಅದೇ ಡಾಕ್ಟರ್. ವಯಸ್ಸಾದ ಹೆಂಗಸು, ಮಾತು ಕಮ್ಮಿ, ಪ್ರಶ್ನೆ ಜಾಸ್ತಿ. ತೂಕ ಮೊದಲಿಂದ ಇಷ್ಟೇನಾ, ಇತ್ತೀಚೆಗೆ ಇಳೀತಾ? ಸಂಜೆ ಹೊತ್ತು ಜ್ವರ ಬರುತ್ತಾ? ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿತ್ತಾ? ಎದೆ ಡವಡವ ಅನ್ನುತ್ತಾ, ಕೈ ನಡುಗುತ್ತಾ, ಸೆಕೆ ತಡೆಯಕ್ಕಾಗಲ್ವಾ? ಮುಟ್ಟು ಸರಿಯಾಗಿ ಆಗುತ್ತಾ? ಊಟ ಆದಮೇಲೆ ಭೇದಿ? ತಿಂದಿದ್ದನ್ನ ಬೇಕಂತಲೇ ವಾಂತಿ ಮಾಡ್ತೀಯಾ? ಕೊನೆಯ ಪ್ರಶ್ನೆಗೆ ನನಗೆ ನಗು ಬಂತು. ಅವರು ನಗಲಿಲ್ಲ. "ಅಂಥ ಹುಡುಗೀರು ಬರ್ತಾರಮ್ಮ," ಅಂದರು ಅಷ್ಟೇ.

ಮೊದಲಿಂದಲೂ ಸಣ್ಣಗಿದ್ದು ಹಾಗೇ ಇರುವವರ ಕಥೆ ಒಂದು, ದಿಢೀರನೆ ಇಳಿದವರ ಕಥೆ ಇನ್ನೊಂದು. ಇದ್ದಕ್ಕಿದ್ದ ಹಾಗೆ ಇಳಿಯುತ್ತಿದ್ದರೆ ತಿನ್ನುವ ಯೋಚನೆ ಆಮೇಲೆ, ಮೊದಲು ಕಾರಣ ಹುಡುಕಬೇಕು ಅಂದರು. ಥೈರಾಯ್ಡು ಜಾಸ್ತಿ ಕೆಲಸ ಮಾಡುತ್ತಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ಟಿಬಿ ಇರಬಹುದು, ಹೊಟ್ಟೆಯಲ್ಲಿ ಹುಳ ಇರಬಹುದು. ನನಗೆ ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ರಕ್ತ, ಮಲ ಪರೀಕ್ಷೆ ಬರೆದರು. ಥೈರಾಯ್ಡು ಸರಿ ಇತ್ತು, ಸಕ್ಕರೆಯೂ ಸರಿ. ಹಿಮೋಗ್ಲೋಬಿನ್ ಮಾತ್ರ 10.6. ಹೆಂಗಸರಿಗೆ 12 ಇರಬೇಕು. ಜಂತುಹುಳಕ್ಕೆ ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದೇ ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ ಕೊಟ್ಟರು. ಕಬ್ಬಿಣದ ಮಾತ್ರೆಯನ್ನು ಹಾಲು, ಕಾಫಿ, ಟೀ ಜೊತೆ ನುಂಗಬಾರದು, ನಿಂಬೆ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಹಿಡಿಯುತ್ತದೆ ಎಂದು ಹೇಳಿ ಕಳಿಸಿದರು.

ಹೋಗುವಾಗ ಕೇಳಿದೆ. "ಡಾಕ್ಟ್ರೇ, ಟಾನಿಕ್ ಏನೂ ಇಲ್ವಾ? ನಾನು ಚೆನ್ನಾಗೇ ತಿಂತೀನಿ."

"ತಿಂತೀಯಾ? ಮೂರು ದಿನ ಬರ್ಕೊಂಡು ಬಾ. ಲೆಕ್ಕದ ಮೇಡಂ ತಾನೇ ನೀನು."

ನೋಟ್‌ಬುಕ್ ಬಂದಿದ್ದು ಹೀಗೆ. ಬುಧವಾರ, ಗುರುವಾರ, ಭಾನುವಾರ, ಈ ಮೂರು ದಿನ ಬರೆದೆ. ಬಾಯಿಗೆ ಹೋದದ್ದನ್ನೆಲ್ಲ. ಭಾನುವಾರದ ಪುಟ ತುಂಬಿತ್ತು. ಅವತ್ತು ರೂಮ್‌ಮೇಟ್ ಊರಿಂದ ಅವಳ ಅಮ್ಮ ಬಂದಿದ್ದರು. ದೋಸೆ, ಪಲಾವು, ಸಂಜೆ ಬಜ್ಜಿ. ಬುಧವಾರದ ಪುಟ ಹೀಗಿತ್ತು:

ಬೆಳಿಗ್ಗೆ 6.30 ಕಾಫಿ. 8 ಗಂಟೆಗೆ ಎರಡು ಇಡ್ಲಿ, ಬಸ್ಸು ಬಂತು ಅಂತ ಇನ್ನೊಂದು ಬಿಟ್ಟೆ. 11ಕ್ಕೆ ಸ್ಟಾಫ್ ರೂಮಿನಲ್ಲಿ ಟೀ. 1.30ಕ್ಕೆ ಡಬ್ಬಿಯಲ್ಲಿದ್ದ ಎರಡು ಚಪಾತಿಯಲ್ಲಿ ಒಂದೂವರೆ, ಪಲ್ಯ. 3ಕ್ಕೆ ಟೀ. 5ಕ್ಕೆ ಟೀ, ಎರಡು ಬಿಸ್ಕತ್ತು. 6.30ಕ್ಕೆ ಮನೆಗೆ ಬಂದು ಕಾಫಿ. 9.30ಕ್ಕೆ ಅನ್ನ ಸಾರು, ಮೊಸರು ಖಾಲಿ.

ಲೆಕ್ಕ ಹಾಕಿದೆ. ಸುತ್ತಿ ಬಳಸಿ 1,200 ಕ್ಯಾಲೊರಿ ದಾಟಲಿಲ್ಲ. ದಿನಕ್ಕೆ ನಾಲ್ಕು ಗಂಟೆ ನಿಂತು ಪಾಠ ಮಾಡಿ, ಬಸ್ಸಿಗೆ ಓಡುವ ನನ್ನಂಥವಳಿಗೆ 1,700 ಆದರೂ ಬೇಕು. ಅದರಲ್ಲೂ ಕಾಫಿ ಟೀ ಸೇರಿ ಐದು ಲೋಟ. ಹಸಿವು ಆದಾಗಲೆಲ್ಲ ಟೀ ಕುಡಿದು ಅದನ್ನು ಕೊಂದು ಹಾಕುತ್ತಿದ್ದೆ. ಮದುವೆ ಮನೆಯಲ್ಲಿ ಮೂರು ಹೋಳಿಗೆ ತಿಂದಿದ್ದು ಮಾತ್ರ ನೆನಪಿನಲ್ಲಿ ಉಳಿದು, ಬುಧವಾರಗಳೆಲ್ಲ ಮರೆತುಹೋಗಿದ್ದವು. ಸಣ್ಣಗಿರುವವರು ಹತ್ತು ಜನರನ್ನು ಆಮೇಲೆ ಕೇಳಿದ್ದೇನೆ. ಹತ್ತೂ ಜನ "ನಾನು ಚೆನ್ನಾಗಿ ತಿಂತೀನಿ" ಅಂದರು. ಬರೆದು ನೋಡಿ ಅಂದೆ. ಬರೆದವರು ಇಬ್ಬರು. ಇಬ್ಬರೂ ಆಮೇಲೆ ಸುಮ್ಮನಾದರು.

ಡಾಕ್ಟರ್ ಪುಸ್ತಕ ನೋಡಿ ಪುಟ ಮಗುಚಿ ಕೊಟ್ಟರು. ಒಂದೇ ಸಲಕ್ಕೆ ತಟ್ಟೆ ತುಂಬ ಬಡಿಸಿಕೊಳ್ಳಬೇಡ, ನಿನ್ನ ಹೊಟ್ಟೆಗೆ ಅಭ್ಯಾಸ ಇಲ್ಲ, ಎರಡನೇ ದಿನಕ್ಕೇ ಬಿಟ್ಟುಬಿಡ್ತೀಯ. ತಿನ್ನೋದನ್ನ ಹಾಗೇ ಇಟ್ಟುಕೊಂಡು ಮಧ್ಯೆ ಮಧ್ಯೆ ಸೇರಿಸು. ದಿನಕ್ಕೆ ಮುನ್ನೂರರಿಂದ ಐನೂರು ಕ್ಯಾಲೊರಿ ಜಾಸ್ತಿ. ತಿಂಗಳಿಗೆ ಒಂದು ಕೆಜಿ ಬಂದರೆ ಸಾಕು. ಇಷ್ಟೇ ಹೇಳಿದ್ದು.

ನಾನು ಕಾಮರ್ಸ್‌ನವಳು. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 400 ಉಳಿಸಿದರೆ ತಿಂಗಳಿಗೆ 12,000. ಅಂದರೆ ಒಂದೂವರೆ ಕೆಜಿ! ಮೂರು ತಿಂಗಳಲ್ಲಿ 45 ದಾಟಿಬಿಡ್ತೀನಿ ಅಂತ ಗೋಡೆಗೆ ಚಾರ್ಟ್ ಅಂಟಿಸಿದೆ. ಆ ಚಾರ್ಟ್ ನೋಡಿ ಈಗಲೂ ರೂಮ್‌ಮೇಟ್ ನಗುತ್ತಾಳೆ. ದೇಹ ಬ್ಯಾಂಕ್ ಅಲ್ಲ. ಜಾಸ್ತಿ ತಿಂದರೆ ಅದೂ ಸ್ವಲ್ಪ ಜಾಸ್ತಿ ಖರ್ಚು ಮಾಡುತ್ತದೆ. ಕೂತಲ್ಲಿ ಕಾಲು ಅಲ್ಲಾಡಿಸುತ್ತದೆ, ಮೈ ಬಿಸಿ ಮಾಡಿಕೊಳ್ಳುತ್ತದೆ. ಮೊದಲ ತಿಂಗಳು ಬಂದದ್ದು 900 ಗ್ರಾಂ.

ಏನು ಸೇರಿಸಿದೆ ಅನ್ನುವುದೇ ಎಲ್ಲರೂ ಕೇಳುವ ಪ್ರಶ್ನೆ. ಹೇಳಿದರೆ ಅಷ್ಟೇನಾ ಅಂತ ಮುಖ ಸಪ್ಪಗೆ ಮಾಡುತ್ತಾರೆ. ಕಡಲೆಕಾಯಿ ಬೀಜ. ಹುರಿದ ಬೀಜವನ್ನು ಸಣ್ಣ ಡಬ್ಬಿಗೆ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡೆ. 30 ಗ್ರಾಂ, ಅಂದರೆ ನನ್ನ ಕೈಯಲ್ಲಿ ಒಂದು ಹಿಡಿ. ಅಷ್ಟರಲ್ಲೇ 160-170 ಕ್ಯಾಲೊರಿ, ಏಳು ಗ್ರಾಂಗಿಂತ ಹೆಚ್ಚು ಪ್ರೋಟೀನು. ಬೆಳಿಗ್ಗೆ 11ರ ಟೀ ಜಾಗಕ್ಕೆ ಅದು ಬಂತು, ಜೊತೆಗೆ ಒಂದು ಪಚ್ಚಬಾಳೆ. ಮಧ್ಯಾಹ್ನ ಚಪಾತಿಗೆ ಒಂದು ಚಮಚ ತುಪ್ಪ. ಬೆಳಿಗ್ಗೆ ಬೇಯಿಸಿದ ಮೊಟ್ಟೆ ಎರಡು, ಒಂದೊಂದರಲ್ಲಿ ಆರು ಗ್ರಾಂ ಪ್ರೋಟೀನು. ನಮ್ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ, ತುಮಕೂರಿನ ಮನೆಯಲ್ಲಿ ತಿನ್ನುತ್ತೇನೆ, ಅಮ್ಮನಿಗೆ ಗೊತ್ತಿಲ್ಲದ ಹಾಗೆ ಗೊತ್ತು. ರಾತ್ರಿ ಅನ್ನಕ್ಕೆ ನೀರು ಸಾರಿನ ಬದಲು ಗಟ್ಟಿ ಬೇಳೆ ಅಥವಾ ಹುರುಳಿಕಾಳು. ಮೊಸರು ಖಾಲಿ ಆಗದ ಹಾಗೆ ನೋಡಿಕೊಳ್ಳುವುದು. ಊಟಕ್ಕೆ ಮೊದಲು ಚೊಂಬು ನೀರು ಕುಡಿಯುವ ಅಭ್ಯಾಸ ಇತ್ತು, ಅದನ್ನು ಊಟ ಆಗಿ ಅರ್ಧ ಗಂಟೆಗೆ ತಳ್ಳಿದೆ. ಕಾಫಿ ದಿನಕ್ಕೆ ಎರಡಕ್ಕೆ ಇಳಿಸಿದೆ, ಅದೂ ಊಟದಿಂದ ಒಂದು ಗಂಟೆ ದೂರ.

ಕೇಳಲು ಸುಲಭ. ಮಾಡಿದಾಗ ಎರಡನೇ ವಾರಕ್ಕೇ ಹೊಟ್ಟೆ ಬಲೂನು. ಕಾಳು, ಮೊಸರು, ಬೀಜ ಎಲ್ಲಾ ಒಂದೇ ಸಲಕ್ಕೆ ಶುರು ಮಾಡಿದ್ದು ನನ್ನ ತಪ್ಪು. ಕ್ಲಾಸಿನಲ್ಲಿ ಡೆಬಿಟ್ ಕ್ರೆಡಿಟ್ ಹೇಳುತ್ತಾ ಹೊಟ್ಟೆ ಗುಡುಗಿದರೆ ಹೇಗಿರುತ್ತೆ ಹೇಳಿ. ಮೇಲಿಂದ ಕಬ್ಬಿಣದ ಮಾತ್ರೆ ಬೇರೆ. ಮಲಬದ್ಧತೆ, ಕಪ್ಪು ಮಲ. ಕಪ್ಪಾಗುವುದು ಆ ಮಾತ್ರೆಗೆ ಸಹಜ ಅಂತ ಡಾಕ್ಟರ್ ಹೇಳಿದ್ದರು. ಆದರೂ ಎರಡು ತಿಂಗಳಾದ ಮೇಲೆ ಆ ಮಾತ್ರೆ ಮೆಲ್ಲಗೆ ಬಿಟ್ಟುಬಿಟ್ಟೆ. ಹೇಗೂ ಚೆನ್ನಾಗಿ ತಿಂತಿದ್ದೀನಲ್ಲ ಅಂದುಕೊಂಡೆ. ಡಾಕ್ಟರ್‌ಗೂ ಹೇಳಲಿಲ್ಲ.

ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ವಾಯು ಕಮ್ಮಿ ಅಂತ ಅಮ್ಮ ಹೇಳಿಕೊಟ್ಟಳು. ಒಂದು ಹೊಸ ಪದಾರ್ಥ ಸೇರಿಸಿ ಒಂದು ವಾರ ಬಿಟ್ಟು ಇನ್ನೊಂದು. ಅದು ನಾನೇ ಕಲಿತದ್ದು.

ನಡುವೆ ಬೇಕರಿ ದಾರಿಯನ್ನೂ ಹಿಡಿದು ನೋಡಿದೆ. ಕ್ಯಾಲೊರಿ ತಾನೇ ಬೇಕಾಗಿದ್ದು, ಎಗ್ ಪಫ್ಸ್, ದಿಲ್‌ಪಸಂದ್, ಒಂದು ಕೂಲ್‌ಡ್ರಿಂಕ್ಸ್. ಸಂಜೆ ಐದಕ್ಕೆ ಅದು ತಿಂದರೆ ರಾತ್ರಿ ಊಟ ಸೇರುತ್ತಿರಲಿಲ್ಲ. ಎದೆ ಉರಿ, ಮುಖದ ತುಂಬ ಗುಳ್ಳೆ. ಹತ್ತು ದಿನಕ್ಕೆ ಕೈಬಿಟ್ಟೆ. ಜಿಮ್ಮಿಗೆ ಹೋಗುವ ಸಹೋದ್ಯೋಗಿಯೊಬ್ಬರು ಮಾಸ್ ಗೇನರ್ ಪುಡಿ ತಗೊಳ್ಳಿ ಅಂದರು. ಡಬ್ಬದ ಹಿಂದೆ ಓದಿದೆ. ಮೊದಲ ಹೆಸರೇ ಮಾಲ್ಟೊಡೆಕ್ಸ್‌ಟ್ರಿನ್, ಸಕ್ಕರೆಯ ಅಣ್ಣತಮ್ಮ. ಅಷ್ಟು ದುಡ್ಡು ಕೊಟ್ಟು ಸಕ್ಕರೆ ತಿನ್ನೋದಕ್ಕೆ ನನಗೇನು ಹುಚ್ಚೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಇದೆ. ಆ ದುಡ್ಡಿಗೆ ಎಷ್ಟು ಕೆಜಿ ಕಡಲೆಬೀಜ ಬರುತ್ತೆ ಅಂತ ಲೆಕ್ಕ ಹಾಕಿ ತೋರಿಸಿದೆ. ಅವರು ಆಮೇಲೆ ನನ್ನ ಜೊತೆ ಮಾತು ಕಮ್ಮಿ ಮಾಡಿದರು.

ನನಗೆ ಪುಡಿ ಸಿಕ್ಕಿದ್ದು ಮನೆಯಿಂದ. ದಸರಾ ರಜೆಗೆ ಊರಿಗೆ ಹೋದಾಗ ಅಮ್ಮ ರಾಗಿ ಹುರಿಹಿಟ್ಟು ಮಾಡಿದಳು. ಚಿಕ್ಕಂದಿನಲ್ಲಿ ಅದನ್ನು ತಿಂದಿದ್ದೆ, ಮಾಡುವುದನ್ನು ನಿಂತು ನೋಡಿದ್ದು ಅವತ್ತೇ. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ಕೈಯಾಡಿಸಿ, ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಟ್ಟಳು. ಬೆಳಿಗ್ಗೆ ಒಲೆ ಮೇಲೆ ಕಬ್ಬಿಣದ ಬಾಣಲೆ ಕಾದು ಹೊಗೆಯಾಡುವಾಗ ಒಂದೇ ಒಂದು ಹಿಡಿ ರಾಗಿ ಹಾಕಿದಳು. ಮೊದಲು ಏನೂ ಇಲ್ಲ. ಆಮೇಲೆ ಒಂದು ಟಪ್, ಇನ್ನೊಂದು ಟಪ್. ಆಮೇಲೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಕೆಂಪು ಕಾಳು ಬಿಳಿ ಹೂವಾಗಿ ಬಾಣಲೆಯಿಂದ ಹೊರಗೆ ಹಾರಿ ನನ್ನ ಕಾಲ ಮೇಲೂ ಬಿತ್ತು. ಬಟ್ಟೆ ಸುತ್ತಿದ ಕೋಲಿನಿಂದ ಅಮ್ಮ ಬಿಡದೆ ಆಡಿಸುತ್ತಿದ್ದಳು. ಒಂದು ಗಳಿಗೆ ತಡೆದರೆ ಸೀದುಹೋಗುತ್ತದಂತೆ. ಆ ಅರಳನ್ನು ಹುರಿಗಡಲೆ, ಏಲಕ್ಕಿ ಜೊತೆ ಮಿಲ್ಲಿಗೆ ಹಾಕಿಸಿ ಎರಡು ಕೆಜಿ ಡಬ್ಬಿ ತುಂಬಿ ಕೊಟ್ಟಳು. ಬಿಸಿ ಹಾಲಿಗೆ ಮೂರು ಚಮಚ, ಬೆಲ್ಲ, ಮೇಲೆ ಕಾಯಿತುರಿ. ಕಲಸಿದ ತಕ್ಷಣ ತಿನ್ನಬಹುದು. ಬಸ್ಸು ಬಂತು ಅನ್ನುವ ನೆಪ ಅಲ್ಲಿಗೆ ಮುಗಿಯಿತು.

ಇನ್ನೊಂದು ಕೊಬ್ಬರಿ. ನಮ್ಮ ಕಡೆ ಅದಕ್ಕೇನು ಬರವಾ? ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಹಾಕಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಅಲ್ಲಾಡಿಸಿದರೆ ಲೊಡಕ್ ಲೊಡಕ್ ಅನ್ನುತ್ತದೆ. ಬೆಲ್ಲದ ಜೊತೆ 20 ಗ್ರಾಂ ಚೂರು ತಿಂದರೆ 130 ಕ್ಯಾಲೊರಿ ಬರೀ ಕೊಬ್ಬರಿಯದ್ದೇ. ಆ ರಜೆಯಲ್ಲಿ ಮಾವನ ಕೊಬ್ಬರಿ ತೂಗುವ ಯಂತ್ರದ ಮೇಲೆ ಹತ್ತಿ ನಿಂತೆ. 42 ಕೆಜಿ 400 ಗ್ರಾಂ. ಮಾವ ಪಕ್ಕದ ಮೂಟೆ ತೋರಿಸಿ, "ಇದೂ ನೀನೂ ಒಂದೇ ರೇಟು ಕಣವ್ವ" ಅಂದರು. ತೂಕ ನಿಧಾನ ಆಯ್ತು ಅಂತ ನಾನು ಗೊಣಗಿದರೆ ಅಮ್ಮ ಅಟ್ಟದ ಕಡೆ ಕೈ ತೋರಿಸಿದಳು. "ಅದು ಒಂದು ವರ್ಷ ಸುಮ್ಕೆ ಕೂತಿರುತ್ತೆ. ನೀನು ದಿನಾ ಹೋಗಿ ಅಲ್ಲಾಡಿಸಿ ನೋಡ್ತೀಯ."

ನಿಜ, ಆಗ ನಾನು ದಿನಾ ತೂಕ ನೋಡುತ್ತಿದ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ಲೋಟ ನೀರು ಕುಡಿದರೆ 200 ಗ್ರಾಂ ಏರುತ್ತದೆ, ಮುಟ್ಟಿನ ಮುಂಚೆ ಒಂದು ಕೆಜಿ ತನಕ ಏರುತ್ತದೆ, ಮತ್ತೆ ಇಳಿಯುತ್ತದೆ. ಅದಕ್ಕೆಲ್ಲ ಅಳು, ಖುಷಿ. ಆಮೇಲೆ ಸೋಮವಾರ ಬೆಳಿಗ್ಗೆ ಮಾತ್ರ, ಖಾಲಿ ಹೊಟ್ಟೆಯಲ್ಲಿ, ಒಂದೇ ಯಂತ್ರದಲ್ಲಿ ಎಂದು ನಿಯಮ ಮಾಡಿಕೊಂಡೆ.

ನವೆಂಬರ್‌ಗೆ 43.1. ಡಿಸೆಂಬರ್‌ಗೂ 43.1.

ಡಿಸೆಂಬರ್‌ನಲ್ಲಿ ನಮ್ಮ ಪಿಟಿ ಮೇಡಂ ನನ್ನ ತೋಳು ಹಿಡಿದು ಅದುಮಿದರು. "ತಿನ್ನೋದೇನೋ ಸರಿ ಕಣ್ರೀ, ಅದು ಎಲ್ಲಿಗೆ ಹೋಗಬೇಕು ಅಂತ ಹೇಳ್ಬೇಕಲ್ವಾ ಮೈಗೆ? ಇಲ್ಲಾಂದ್ರೆ ಹೊಟ್ಟೆ ಒಂದೇ ಬರುತ್ತೆ." ಕನ್ನಡಿಯಲ್ಲಿ ನೋಡಿದರೆ ಹೌದು, ಹೊಟ್ಟೆ ಚೂರು ಮುಂದೆ, ಕೈಕಾಲು ಹಾಗೇ. ಸಣ್ಣಗಿರುವವರು ವ್ಯಾಯಾಮ ಮಾಡಿದರೆ ಇನ್ನೂ ಇಳಿದುಹೋಗುತ್ತಾರೆ ಅಂತ ನಾನು ನಂಬಿದ್ದೆ. ಓಟ, ಸ್ಕಿಪ್ಪಿಂಗ್ ಜಾಸ್ತಿ ಮಾಡಿದರೆ ಆ ಮಾತು ನಿಜ. ಭಾರ ಎತ್ತುವುದು ಬೇರೆ ಲೆಕ್ಕ. ಸ್ನಾಯುವಿಗೆ ಭಾರ ಬಿದ್ದರೆ, ಬೇಕಾದ ಪ್ರೋಟೀನು ಸಿಕ್ಕಿದರೆ, ನಿದ್ದೆ ಆದರೆ, ಅದು ಬೆಳೆಯುತ್ತದೆ. ಸುಮ್ನೆ ಇರುವವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ಭಾರ ಎತ್ತುವವರಿಗೆ 1.2ರಿಂದ 1.6 ತನಕ ಬೇಕು. ನನ್ನ ಲೆಕ್ಕಕ್ಕೆ 55-60 ಗ್ರಾಂ. ಮೊಟ್ಟೆ, ಕಡಲೆಬೀಜ, ಕಾಳು, ಹಾಲು ಮೊಸರು ಸೇರಿಸಿದರೆ ಅದು ಬರುತ್ತಿತ್ತು.

ಜಿಮ್ಮಿಗೆ ಹೋಗಲು ನಾಚಿಕೆ. ಮನೆಯಲ್ಲೇ ಶುರು ಮಾಡಿಸಿದರು. ಬಸ್ಕಿ ಹದಿನೈದು, ಮೂರು ಸಲ. ಶಾಲೆಯಲ್ಲಿ ಹೋಂವರ್ಕ್ ಮಾಡದಿದ್ದಾಗ ಹೊಡೆಸುತ್ತಿದ್ದ ಅದೇ ಬಸ್ಕಿ. ಸುಲಭ ಆದ ಮೇಲೆ ಐದು ಕೆಜಿ ಅಕ್ಕಿ ಚೀಲ ತಬ್ಬಿಕೊಂಡು. ಗೋಡೆಗೆ ಕೈಕೊಟ್ಟು ಪುಷ್‌ಅಪ್, ಆಮೇಲೆ ಮಂಚದ ಅಂಚಿಗೆ, ಆಮೇಲೆ ನೆಲಕ್ಕೆ. ಎರಡು ಕೈಗೂ ಅರ್ಧ ಬಕೆಟ್ ನೀರು, ಬಗ್ಗದೆ ನೆಟ್ಟಗೆ ನಿಂತು ಹಿತ್ತಿಲಿಂದ ಬಾಗಿಲ ತನಕ. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಮೊದಲ ದಿನ ಆದಮೇಲೆ ಎರಡು ದಿನ ಮೆಟ್ಟಿಲು ಇಳಿಯಲಾಗದೆ ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ಇಳಿದೆ. ಮೂರನೇ ವಾರಕ್ಕೆ ಒಂದು ಬದಲಾವಣೆ ಕಾಣಿಸಿತು, ತೂಕದಲ್ಲಿ ಅಲ್ಲ. ರಾತ್ರಿ ಎಂಟಕ್ಕೆ ಹೊಟ್ಟೆ ತಾನಾಗಿ ಹಸಿಯತೊಡಗಿತು. ಅಲ್ಲಿಯ ತನಕ ಗಡಿಯಾರ ನೋಡಿ ತಿನ್ನುತ್ತಿದ್ದವಳು ಹಸಿದು ತಿಂದೆ. ಹನ್ನೊಂದಕ್ಕೆ ಬಿದ್ದರೆ ಬೆಳಿಗ್ಗೆಯೇ ಎಚ್ಚರ. ಜನವರಿಗೆ 44.2, ಫೆಬ್ರವರಿಗೆ 44.9.

ನೂರು ಗ್ರಾಂ ಬಾಕಿ ಇತ್ತು. ಮಾರ್ಚ್ ಮೊದಲ ವಾರ ವೈರಲ್ ಜ್ವರ ಬಂತು. ಆರು ದಿನ ಗಂಜಿ, ಬಾಯಿ ಕಹಿ. ಎದ್ದು ತೂಗಿದರೆ 42.8. ಆರು ತಿಂಗಳ ಕೂಡಿಕೆ ಒಂದು ವಾರದಲ್ಲಿ ಹೋಯಿತಲ್ಲ ಅಂತ ಯಂತ್ರವನ್ನು ಮಂಚದ ಕೆಳಗೆ ಒದ್ದೆ. ಹದಿನೈದು ದಿನ ಏನೂ ಬರೆಯಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಮತ್ತೆ ಐದು ಟೀ. ರೂಮ್‌ಮೇಟ್ ಒಂದು ದಿನ ಏನೂ ಮಾತಾಡದೆ ನನ್ನ ಬ್ಯಾಗಿಗೆ ಕಡಲೆಬೀಜದ ಡಬ್ಬಿ ಹಾಕಿದಳು. ಮಾರನೇ ದಿನವೂ ಹಾಕಿದಳು. ಹಾಗೆ ಮತ್ತೆ ಶುರುವಾಯಿತು. ಜ್ವರದಲ್ಲಿ ಹೋದ ತೂಕ ಬೇಗ ವಾಪಸ್ ಬರುತ್ತದೆ ಅನ್ನುವುದು ಆಗ ಗೊತ್ತಾದದ್ದು. ಏಪ್ರಿಲ್‌ಗೆ 43.9, ಊರಲ್ಲಿ ಹಲಸು ಮಾವು ತಿಂದು ಬಂದ ಮೇ ಕೊನೆಗೆ 45.6.

ಈ ನಡುವೆ ಒಂದು ವಿಷಯ ಗಮನಕ್ಕೆ ಬಂತು. ಎಲ್ಲಿ ನೋಡಿದರೂ ತೂಕ ಇಳಿಸುವ ಮಾತೇ. ಪೇಪರಿನಲ್ಲಿ, ಟಿವಿಯಲ್ಲಿ, ಸ್ಟಾಫ್ ರೂಮಿನಲ್ಲಿ. ನನಗೆ ಅಂಕಿ ಹುಡುಕುವ ಚಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದೆ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತೂಕ ಜಾಸ್ತಿ ಇರುವವರು ನೂರಕ್ಕೆ 24, ತೂಕ ಕಮ್ಮಿ ಇರುವವರು 18.7. ಅಂತರ ಅಷ್ಟೇನೂ ಇಲ್ಲ. ರಕ್ತಹೀನತೆ ಇರುವವರು 57. ಆ ಕೊನೆಯ ಅಂಕಿಯನ್ನು ಓದಿ ಪುಟ ಮಗುಚಿದೆ. ಮಗುಚಬಾರದಿತ್ತು.

ಜುಲೈನಲ್ಲಿ ರವಿಕೆಗಳು ಬಿಗಿಯಾದವು. ಹತ್ತು ವರ್ಷದಿಂದ ನನ್ನ ರವಿಕೆ ಹೊಲಿಯುವ ಟೈಲರ್ ಆಂಟಿ ಹತ್ತಿರ ಐದು ಒಯ್ದೆ. ಪ್ರತಿ ಸಲ ಅಳತೆ ತೆಗೆಯುವಾಗ "ಇನ್ನೂ ಇಷ್ಟೇನಾ" ಅನ್ನುತ್ತಿದ್ದವರು ಅವರು. ಈ ಸಲ ಟೇಪು ಹಾಕಿ ನನ್ನ ಮುಖ ನೋಡಿದರು. ಆಮೇಲೆ ಒಂದು ರವಿಕೆಯನ್ನು ಒಳಮಗ್ಗುಲಿಗೆ ತಿರುಗಿಸಿ ಕತ್ತರಿ ತುದಿಯಿಂದ ಕಂಕುಳ ಹೊಲಿಗೆ ಬಿಚ್ಚಿದರು. ಒಳಗೆ ಎರಡು ಬೆರಳು ಬಟ್ಟೆ ಮಡಿಸಿಟ್ಟಿತ್ತು. ಹೊರಗಿನದು ಒಗೆದು ಒಗೆದು ಬಣ್ಣ ಹೋಗಿದ್ದರೆ ಒಳಗಿನ ಆ ಪಟ್ಟಿ ಹೊಸದರ ಹಾಗೆ ಕಡು ಹಸಿರು.

"ನಿಮಗೆ ಹೊಲಿವಾಗೆಲ್ಲ ಜಾಸ್ತಿ ಬಿಡ್ತಿದ್ದೆ ಮೇಡಂ," ಅಂದರು. "ಮದುವೆ ಆದ್ಮೇಲೆ ಬೇಕಾಗುತ್ತೆ ಅಂತ."

ಐದಕ್ಕೂ ಹೊಲಿಗೆ ಬಿಚ್ಚಿ ಬಿಟ್ಟರು. ಈಗ ಆ ರವಿಕೆಗಳ ಎರಡೂ ಪಕ್ಕದಲ್ಲಿ ಒಂದೊಂದು ಹಸಿರು ಗೆರೆ. ಸೆರಗು ಸರಿದರೆ ಕಾಣುತ್ತದೆ. ಬೇರೆ ಹೊಲಿಸಬಹುದಿತ್ತು, ಹೊಲಿಸಲಿಲ್ಲ.

ನನ್ನನ್ನು ಕಡ್ಡಿ ಅನ್ನುತ್ತಿದ್ದ ಚಿಕ್ಕಮ್ಮ ಆ ತಿಂಗಳೇ ಒಂದು ಗೃಹಪ್ರವೇಶದಲ್ಲಿ ಸಿಕ್ಕಿ, "ಯಾಕೇ ಇಷ್ಟು ದಪ್ಪ ಆಗ್ಬಿಟ್ಟೆ, ಹುಷಾರು" ಅಂದರು. 47.1 ಕೆಜಿಗೆ! ಮರುಮಾತಾಡದೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮತ್ತೆ ಆಗಸ್ಟ್ ಬಂತು. ಶಿಬಿರದ ಹೊಣೆ ಈ ಸಲ ನಾನೇ ಕೇಳಿ ತಗೊಂಡೆ. ಅದೇ ನರ್ಸ್ ಬಂದಿದ್ದರು. ಚಪ್ಪಲಿ ಬಿಟ್ಟು ಹತ್ತಿದೆ. 47.6. ಬಿಎಂಐ 18.6, ಗೆರೆ ದಾಟಿದ್ದು ಒಂದು ಕೂದಲೆಳೆಯಷ್ಟು.

"ಓಹ್, ಪಾಸು ಮೇಡಂ!" ಅಂದರು. ಕಳೆದ ಸಲ ಪಿಸುಗುಟ್ಟಿದ ಹುಡುಗ ಈಗ ಫೈನಲ್ ಇಯರ್, ಸ್ವಯಂಸೇವಕರ ಬ್ಯಾಡ್ಜ್ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. ಚಪ್ಪಾಳೆ ತಟ್ಟಿದ. ಹಾಲ್‌ನಲ್ಲಿ ಇನ್ನು ನಾಲ್ಕು ಜನ ತಟ್ಟಿದರು. ನಾನು ಮುಂದಿನ ಟೇಬಲ್ಲಿಗೆ ಹೋಗಿ ಬೆರಳು ಚಾಚಿದೆ. ಚುಚ್ಚಿ ಒಂದು ಹನಿ ತೆಗೆದರು. ಕಳೆದ ಸಲ ಈ ಟೇಬಲ್ ತನಕ ನಾನು ಬಂದೇ ಇರಲಿಲ್ಲ.

"12.1," ಅಂದರು ಅಲ್ಲಿದ್ದವರು.

"ಹೆಂಗಸರಿಗೆ 12 ಸಾಕಲ್ವಾ?"

"ಇರೋದಕ್ಕೆ ಸಾಕು ಮೇಡಂ. ಕೊಡೋದಕ್ಕೆ 12.5 ಬೇಕು. ಐರನ್ ಮಾತ್ರೆ ತಗೊಳ್ತಿದ್ದೀರಾ?"

ನಾನು ಚಾವಣಿ ನೋಡಿದೆ. ಅಡುಗೆಮನೆ ಕಪಾಟಿನಲ್ಲಿ ಹುರಿಹಿಟ್ಟಿನ ಡಬ್ಬಿಯ ಹಿಂದೆ ಅರ್ಧ ಖಾಲಿಯಾದ ಮಾತ್ರೆ ಪಟ್ಟಿಗಳು ನವೆಂಬರ್‌ನಿಂದ ಹಾಗೇ ಬಿದ್ದಿದ್ದವು.

ಹುಡುಗ ಏನೂ ಹೇಳಲಿಲ್ಲ. ಹೋಗಿ ರಕ್ತ ಕೊಟ್ಟವರಿಗೆ ಅಂತ ಇಟ್ಟಿದ್ದ ಟ್ರೇಯಿಂದ ಒಂದು ಫ್ರೂಟಿ, ಒಂದು ಗ್ಲೂಕೋಸ್ ಬಿಸ್ಕತ್ ಪ್ಯಾಕೆಟ್ ತಂದು ನನ್ನ ಕೈಗಿಟ್ಟ.

"ಇದು ಕೊಟ್ಟವರಿಗೆ ಕಣೋ," ಅಂದೆ.

"ಪರವಾಗಿಲ್ಲ ಮಿಸ್, ಅಡ್ವಾನ್ಸ್ ಅಂತ ಬರ್ಕೊಳ್ಳಿ."

ಹೊರಗೆ ಕಟ್ಟೆ ಮೇಲೆ ಕೂತು ಎರಡನ್ನೂ ಖಾಲಿ ಮಾಡಿದೆ. ಸಂಜೆ ಮನೆಗೆ ಹೋಗುವಾಗ ಎರಡು ನಿಂಬೆಹಣ್ಣು ತಗೊಂಡೆ.